ನೀರು ಎಲ್ಲಿಗೆ ಹೋಯಿತು?

ಶಿವಮೊಗ್ಗ
ಭಾನುವಾರ ಸಂಜೆ

ಚಿ|| ನಂದಿನಿಗೆ ನಿನ್ನ ಮಾವ ಮಾಡುವ ಆಶೀರ್ವಾದಗಳು.

ನಾವಿಲ್ಲಿ ಎಲ್ಲರೂ ಕ್ಷೇಮ. ನಿನ್ನ ಕ್ಷೇಮಕ್ಕಿಂತ ನಿನ್ನ ಕಾರಿನ ಕ್ಷೇಮದ ಸುದ್ದಿಯೇ ಈಚೆಗೆ ಪಾವಗಡದಿಂದ ಜಾಸ್ತಿ ಬರುತ್ತಿದೆ. ವಾಟ್ಸಾಪಿನಲ್ಲಿ ಕಳಿಸಿದ ಫೋಟೋಗಳನ್ನು ದೊಡ್ಡದು ಮಾಡಿಕೊಂಡು ನೋಡಿದೆ. ಬಾಟಲಿಯಲ್ಲಿ ಹಸಿರು ಕೂಲೆಂಟ್ ಇರಬೇಕಾದ ಕಡೆ ಕಂದು ನೀರು. ರೇಡಿಯೇಟರ್ ಬಾಯಿಯ ಸುತ್ತ ಬೆಳ್ಳಗೆ ಸುಣ್ಣ ಕಟ್ಟಿದೆ. ಫೋನಿನಲ್ಲಿ ಹೇಳಿದರೆ "ಹ್ಞೂಂ ಮಾವ, ಹ್ಞೂಂ ಮಾವ" ಅಂತೀಯ, ಇಟ್ಟ ಮೇಲೆ ಅರ್ಧ ಮರೆತಿರುತ್ತೀಯ. ಕಾಗದವಾದರೆ ಬ್ಯಾಟರಿ ಮೇಲೆ ಇಟ್ಟುಕೊಂಡು ಓದುತ್ತಾ ಕೆಲಸ ಮಾಡಬಹುದು, ಗ್ರೀಸ್ ಅಂಟಿದರೂ ನಷ್ಟವಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಒಂದು ಗುಟ್ಟು ಮೊದಲೇ ಹೇಳಿಬಿಡುತ್ತೇನೆ. ಈ ಕಾಗದ ನಿಮ್ಮಮ್ಮನ ಕಣ್ಣಿಗೆ ಬೀಳದಿರಲಿ. ದಿನಾ ಬೆಳಿಗ್ಗೆ ಬಾನೆಟ್ ಎತ್ತಿ ಒಂದು ಚೊಂಬು ನೀರು ಹಾಕಿಯೇ ಹೊರಡು ಅಂತ ನಿನಗೆ ಹೇಳಿಕೊಟ್ಟವಳು ಅಕ್ಕ. ಅವಳಿಗೆ ಅದು ನಮ್ಮಪ್ಪನಿಂದ ಬಂದದ್ದು. ಅಪ್ಪನ ಅಂಬಾಸಿಡರ್ ಡಿಕ್ಕಿಯಲ್ಲಿ ನೀರಿನ ಕ್ಯಾನ್ ಇಲ್ಲದೆ ಮನೆ ಬಿಟ್ಟಿದ್ದನ್ನು ನಾವಿಬ್ಬರೂ ಕಂಡವರಲ್ಲ. ಸೋಮೇಶ್ವರದಿಂದ ಆಗುಂಬೆಯ 14 ತಿರುವು ಹತ್ತುವಷ್ಟರಲ್ಲಿ ಅದು ಬುಸುಗುಡುತ್ತಿತ್ತು. ಮೇಲೆ ಬಂದು ನಿಲ್ಲಿಸಿ, ತಣಿಯುವವರೆಗೂ ಒಂದು ಬೀಡಿ ಸೇದಿ, ಮುಚ್ಚಳದ ಮೇಲೆ ಒದ್ದೆ ಗೋಣಿ ಹಾಕಿ, ಮುಖ ಆ ಕಡೆ ತಿರುಗಿಸಿಕೊಂಡು ತೆಗೆಯುತ್ತಿದ್ದರು. ನೀರು ಪಕ್ಕದ ತೊರೆಯದ್ದು. ಆ ಕಾರಿಗೆ ಆ ನೀರು, ಆ ಕಾಲಕ್ಕೆ ಸರಿಯಾಗಿತ್ತು. ಆಗುಂಬೆ ತೊರೆಯಲ್ಲಿ ಹರಿಯುವುದು ನಿನ್ನೆ ಬಿದ್ದ ಮಳೆ ಕಣೇ. ನಿನ್ನ ಚೊಂಬಿಗೆ ಬೀಳುತ್ತಿರುವುದು ಪಾವಗಡದ ಬಂಡೆಯೊಳಗೆ ಎಷ್ಟೋ ಕಾಲ ಕೂತು, ಸುಣ್ಣ ಕರಗಿಸಿಕೊಂಡು ಬಂದ ಬೋರ್‌ವೆಲ್ ನೀರು.

ಕಾರಿಗೆ ನೀರು ಹುಯ್ಯುವ ಪದ್ಧತಿ ಕಾರಿನಷ್ಟೇ ಹಳೆಯದು, ಅದನ್ನು ಒಪ್ಪಬೇಕು. 1888ರ ಆಗಸ್ಟಿನಲ್ಲಿ ಜರ್ಮನಿಯ ಬರ್ತಾ ಬೆಂಜ್, ಗಂಡ ಕಾರ್ಲ್‌ಗೆ ಹೇಳದೆ, ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು, ಅವನು ಕಟ್ಟಿದ ಮೂರು ಗಾಲಿಯ ಗಾಡಿಯಲ್ಲಿ ಮಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ನ ತವರಿಗೆ ಹೊರಟುಬಿಟ್ಟಳು. ನೂರು ಕಿಲೋಮೀಟರಿಗೂ ಹೆಚ್ಚಿನ ದಾರಿ. ಇಂಧನದ ಕೊಳವೆ ಕಟ್ಟಿಕೊಂಡಾಗ ಟೋಪಿಯ ಪಿನ್ನಿನಲ್ಲಿ ಚುಚ್ಚಿ ಬಿಡಿಸಿದಳು ಅಂತ ಕಥೆ. ಆ ಗಾಡಿಗೆ ಈಗಿನಂಥ ರೇಡಿಯೇಟರ್ ಇರಲಿಲ್ಲ. ಎಂಜಿನ್ ಸುತ್ತಲಿನ ನೀರು ಕುದಿದು ಆವಿಯಾಗಿ ಹಾರಿಹೋಗುವುದೇ ಅದನ್ನು ತಣಿಸುವ ಏರ್ಪಾಟು. ಹಾಗಾಗಿ ಸಿಕ್ಕ ಸಿಕ್ಕಲ್ಲಿ ನೀರು ತುಂಬಿಸುತ್ತಲೇ ಹೋಗಬೇಕಾಯಿತು. ಸಣ್ಣ ಸಣ್ಣ ಕೊಳವೆಗಳನ್ನು ಒತ್ತಾಗಿ ಜೋಡಿಸಿದ ಜೇನುಗೂಡಿನ ರೇಡಿಯೇಟರನ್ನು ವಿಲ್ಹೆಲ್ಮ್ ಮೇಬಾಕ್ 1901ರ ಮರ್ಸಿಡಿಸ್‌ಗೆ ಕೂರಿಸಿದ ಮೇಲೆ, ಅದೇ ನೀರನ್ನು ಸುತ್ತಿಸಿ ಸುತ್ತಿಸಿ ಬಳಸುವುದು ಸಲೀಸಾಯಿತು.

ನಿನ್ನ ಮಾರುತಿ 800ರಲ್ಲಿರುವುದು ಇನ್ನೂ ಮುಂದಿನ ಏರ್ಪಾಟು, ಪೂರ್ತಿ ಮುಚ್ಚಿದ್ದು. ಸುಟ್ಟ ಪೆಟ್ರೋಲಿನ ಶಾಖದಲ್ಲಿ ಹೆಚ್ಚೂಕಡಿಮೆ ಮೂರನೇ ಒಂದು ಭಾಗವನ್ನು ಈ ನೀರೇ ಹೊತ್ತು ತಂದು ರೇಡಿಯೇಟರಿನಲ್ಲಿ ಗಾಳಿಗೆ ಬಿಡಬೇಕು. ಬಿಸಿಯಾದಾಗ ಹಿಗ್ಗಿದ ನೀರು ಮುಚ್ಚಳದ ಸ್ಪ್ರಿಂಗನ್ನು ಎತ್ತಿ ಪಕ್ಕದ ಬಾಟಲಿಗೆ ಹೋಗುತ್ತೆ, ತಣ್ಣಗಾದಾಗ ವಾಪಸ್ ಎಳೆದುಕೊಳ್ಳುತ್ತೆ. ಹೊರಗೆ ಹೋಗುವುದಕ್ಕೆ ಅದಕ್ಕೆ ದಾರಿಯೇ ಇಲ್ಲ. ಇಂಥ ಕಾರು ದಿನಾ ನೀರು ಕೇಳುತ್ತಿದೆ ಅಂದರೆ ಹಾಕುವುದಕ್ಕೆ ಮುಂಚೆ ಕೇಳಬೇಕಾದ್ದು, ನಿನ್ನೆ ಹಾಕಿದ ನೀರು ಎಲ್ಲಿಗೆ ಹೋಯಿತು ಅಂತ. ನನ್ನ ಅಂಗಡಿ ಕೌಂಟರಿಗೆ ಬಂದವರಲ್ಲಿ ಹೆಚ್ಚಿನವರು ಈ ಪ್ರಶ್ನೆ ಕೇಳಿಕೊಂಡವರೇ ಅಲ್ಲ. ಡ್ಯಾಶ್‌ಬೋರ್ಡಿಗೆ ಸೆಂಟಿನ ಬಾಟಲಿ ಮರುಮಾತಿಲ್ಲದೆ ಕೊಳ್ಳುತ್ತಾರೆ, ರೇಡಿಯೇಟರ್ ಕ್ಯಾಪಿಗೆ ಬಂದಾಗ ಚೌಕಾಸಿ ಶುರುವಾಗುತ್ತೆ.

ನೀನು ಲೆಕ್ಕದ ಮೇಷ್ಟ್ರು ಬೇರೆ, ಒಂದು ಲೆಕ್ಕ ಮಾಡು. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ ನಡೆಯುತ್ತೆ ಅಂತಿದೆ. ನಿನ್ನ ನೀರು 500 ಅಂದುಕೋ. ನಾಲ್ಕು ಲೀಟರ್ ಒಂದೇ ಸಲ ತುಂಬಿಸಿ ಮುಚ್ಚಿಟ್ಟರೆ ಒಳಗೆ ಹೋಗುವ ಸುಣ್ಣ ಎರಡೇ ಗ್ರಾಂ. ಅದರಿಂದ ಎಂಜಿನ್ ಸಾಯುವುದಿಲ್ಲ. ಆದರೆ ಎಲ್ಲೋ ಆವಿ ಸೋರುತ್ತಾ ಇದ್ದು, ನೀನು ದಿನಾ ಅರ್ಧ ಲೀಟರ್ ಸುರಿಯುತ್ತಾ ಹೋದರೆ ವರ್ಷಕ್ಕೆ 180 ಲೀಟರ್ ಮೇಲಾಯಿತು. ಹೋಗುವ ಆವಿ ಸುಣ್ಣ ಹೊತ್ತುಕೊಂಡು ಹೋಗುವುದಿಲ್ಲ, ಒಳಗೇ ಬಿಟ್ಟು ಹೋಗುತ್ತೆ. 90 ಗ್ರಾಂ! ಬಚ್ಚಲ ಹಂಡೆಯೊಳಗೆ ಕಟ್ಟಿದ ಬಿಳಿ ಗಾರೆಯನ್ನು ನೀನೇ ಕಲ್ಲಿನಲ್ಲಿ ಉಜ್ಜಿದ್ದೀಯಲ್ಲ, ಅದೇ ಗಾರೆ ಎಂಜಿನ್ ಒಳಗೂ, ರೇಡಿಯೇಟರಿನ ಸಪೂರ ಕೊಳವೆಗಳಲ್ಲೂ ಕೂರುತ್ತೆ. ಅಲ್ಯೂಮಿನಿಯಂ ದಾಟುವ ಶಾಖ ಆ ಗಾರೆಯನ್ನು ಅಷ್ಟು ಸುಲಭವಾಗಿ ದಾಟುವುದಿಲ್ಲ. ಜೊತೆಗೆ ಪ್ರತಿ ಚೊಂಬೂ ಕೂಲೆಂಟಿನಲ್ಲಿರುವ ತುಕ್ಕು ತಡೆಯುವ ಮದ್ದನ್ನು ತೆಳ್ಳಗೆ ಮಾಡುತ್ತೆ. ಫೋಟೋದಲ್ಲಿ ಕಂಡ ಕಂದು ಬಣ್ಣ ಆ ತುಕ್ಕಿನದ್ದು.

ಹಾಗಾಗಿ ತೊಳೆಯುವುದಕ್ಕೆ ಮುಂಚೆ ಸೋರುವ ಜಾಗ ಹುಡುಕು. ರಾತ್ರಿ ಕಾರಿನಡಿ ಹಳೇ ರಟ್ಟು ಹಾಸಿ ಬೆಳಿಗ್ಗೆ ನೋಡು. ಹೋಸ್ ಪೈಪುಗಳನ್ನು ಒಂದೊಂದಾಗಿ ಬೆರಳಲ್ಲಿ ಅಮುಕು. ಚೆನ್ನಾಗಿರುವುದು ಗಟ್ಟಿಯಾಗಿ ಬಗ್ಗಿ ವಾಪಸ್ ಬರುತ್ತೆ. ಮೆತ್ತಗೆ ಊದಿಕೊಂಡಿದ್ದರೆ, ಅಮುಕಿದಾಗ ಒಳಗೆ ಕರಕರ ಅಂದರೆ, ಕ್ಲಿಪ್ಪಿನ ಹತ್ತಿರ ಬಿರುಕು ಕಂಡರೆ ಅದರ ಆಯಸ್ಸು ಮುಗಿದಿದೆ. ಕ್ಲಿಪ್ಪಿನ ಅಂಚಿನಲ್ಲಿ, ವಾಟರ್ ಪಂಪಿನ ಕೆಳಗೆ ಬಿಳಿ ಅಥವಾ ಹಸಿರು ಕಲೆ ಒಣಗಿದ್ದರೆ ಸೋರಿಕೆ ಅಲ್ಲೇ. ಹಾಗೇ, ಎಂಜಿನ್ ಪೂರ್ತಿ ತಣ್ಣಗಿರುವಾಗ, ಕ್ಯಾಪ್ ತಿರುಗಿಸಿ ತೆಗೆದು ಕೆಳಗಿನ ರಬ್ಬರ್ ನೋಡು. ನಿನ್ನ ಫೋಟೋದಲ್ಲಿ ಆ ರಬ್ಬರಿನ ಒಂದು ಕಡೆ ಕಚ್ಚು ಬಿದ್ದ ಹಾಗೆ ನನಗೆ ಕಂಡಿತು. ಮೇಲೆ 0.9 ಅಂತ ಅಚ್ಚಾಗಿದ್ದರೆ ಅಷ್ಟು ಬಾರ್ ಒತ್ತಡ ಹಿಡಿಯಬೇಕು ಅಂತ. ಆ ಒತ್ತಡದಲ್ಲಿ ಬರೀ ನೀರೂ 118–120 ಡಿಗ್ರಿವರೆಗೆ ಕುದಿಯುವುದಿಲ್ಲ. ರಬ್ಬರ್ ಹೋದರೆ 100ಕ್ಕೇ ಕುದಿದು ಆವಿಯಾಗಿ ಹೊರಟುಬಿಡುತ್ತೆ, ನೆಲದ ಮೇಲೆ ಒಂದು ಹನಿಯ ಗುರುತೂ ಇರುವುದಿಲ್ಲ. ನನ್ನ ಅನುಮಾನ ಪೂರ್ತಿ ಆ ಕ್ಯಾಪಿನ ಮೇಲಿದೆ. ಅದೇ ನಂಬರಿನದ್ದು ಒಂದು ಹೊಸದು ಹಾಕಬೇಕು. ಹೆಚ್ಚು ನಂಬರಿನದ್ದು ಗಟ್ಟಿ ಅಂತ ಯಾರಾದರೂ ಕೊಟ್ಟರೆ ಬೇಡ ಅನ್ನು, ಹಳೇ ಹೋಸುಗಳು ತಡೆಯುವುದಿಲ್ಲ.

ಇನ್ನೊಂದು ಪರೀಕ್ಷೆ ಇದೆ, ಇದರಲ್ಲಿ ಮಾತ್ರ ಸಡಿಲ ಬಿಡಬೇಡ. ಎಂಜಿನ್ ಆಯಿಲ್ ಹಾಕುವ ಮುಚ್ಚಳದ ಒಳಗೆ, ಡಿಪ್‌ಸ್ಟಿಕ್ಕಿನ ಮೇಲೆ ಹಾಲು ಬೆರೆತ ಕಾಫಿ ಬಣ್ಣದ ಜಿಡ್ಡು ಇದೆಯಾ? ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೂ ಸೈಲೆನ್ಸರಿನಲ್ಲಿ ಬೆಳ್ಳನೆ ಹೊಗೆ ನಿಲ್ಲುವುದಿಲ್ಲವಾ? ರೇಡಿಯೇಟರಿನಲ್ಲಿ ಗುಳ್ಳೆ ಒಂದೇ ಸಮನೆ ಏಳುತ್ತಾ? ಇವುಗಳಲ್ಲಿ ಒಂದಿದ್ದರೂ ಹೆಡ್ ಗ್ಯಾಸ್ಕೆಟ್ ಹೋಗಿದೆ ಅಂತಲೇ ಅನುಮಾನಿಸಬೇಕು. ಆಗ ತೊಳೆದು ಪ್ರಯೋಜನವಿಲ್ಲ. ಕಾಗದ ಮಡಿಸಿಟ್ಟು ನನಗೆ ಫೋನ್ ಮಾಡು, ಗಾಡಿ ಓಡಿಸಬೇಡ.

ಅದೆಲ್ಲ ಸರಿಯಿದ್ದರೆ ಸಾಮಾನು ಹೊಂದಿಸಿಕೋ. ಹೊಸ ಕ್ಯಾಪ್, ಹೊಸ ಥರ್ಮೋಸ್ಟಾಟ್ ಗ್ಯಾಸ್ಕೆಟ್ (ಇವೆರಡನ್ನೂ ನಾನೇ ಕಳಿಸುತ್ತೇನೆ), ಬೇಕಾದರೆ ಎರಡು ಹೋಸು, ನಾಲ್ಕು ಕ್ಲಿಪ್ಪು. ಪೆಟ್ರೋಲ್ ಬಂಕಿನಲ್ಲೋ ಬ್ಯಾಟರಿ ಅಂಗಡಿಯಲ್ಲೋ ಐದು ಲೀಟರಿನ ಡಿಸ್ಟಿಲ್ಡ್ ವಾಟರ್ ಎರಡು ಕ್ಯಾನ್. ರೇಡಿಯೇಟರ್ ಫ್ಲಶ್ ಒಂದು ಡಬ್ಬಿ, ಅಲ್ಯೂಮಿನಿಯಂಗೆ ಆಗುತ್ತೆ ಅಂತ ಬರೆದಿರುವುದನ್ನೇ ಕೇಳು. ಕೂಲೆಂಟ್ ಮಾತ್ರ ನೀರು ಬೆರೆಸಿ ರೆಡಿ ಮಾಡಿದ್ದು ಬೇಡ, ಗಟ್ಟಿಯದ್ದು ತಗೋ. ಯಾಕೆ ಅಂತ ಮುಂದೆ ಹೇಳುತ್ತೇನೆ. ಹಸಿರೋ ಕೆಂಪೋ ನೀಲಿಯೋ ಅನ್ನುವುದರಿಂದ ಏನೂ ತಿಳಿಯುವುದಿಲ್ಲ, ಬಣ್ಣ ಕಂಪನಿಯವರ ಇಷ್ಟ. ಕಾರಿನ ಪುಸ್ತಕದಲ್ಲಿ ಯಾವ ಬಗೆ ಅಂತ ಬರೆದಿದೆಯೋ ಅದೇ ಇರಲಿ. ಎರಡು ಬಗೆ ಬೆರೆತರೆ ಕೆಲವು ಸಲ ಒಳಗೇ ಲೋಳೆ ಕಟ್ಟುತ್ತೆ. ಹಳೇ ಬಗೆಯದ್ದು ಸುಮಾರು ಎರಡು ವರ್ಷ, ಈಚಿನವು ಐದು ವರ್ಷದವರೆಗೂ ಬಾಳುತ್ತವೆ.

ಬಟ್ಟೆ ಸೋಡಾ ಹಾಕು, ಟಾಯ್ಲೆಟ್ ತೊಳೆಯುವ ಆಸಿಡ್ ಹಾಕು ಅಂತ ಸಲಹೆ ಕೊಡುವವರು ಅಲ್ಲೂ ಸಿಗುತ್ತಾರೆ. ಹಳೇ ಲಾರಿಗಳ ಎರಕದ ಕಬ್ಬಿಣದ ಎಂಜಿನ್ನಿಗೆ, ತಾಮ್ರ ಹಿತ್ತಾಳೆಯ ರೇಡಿಯೇಟರಿಗೆ ಸೋಡಾ ನಡೆಯುತ್ತಿತ್ತು. ನಿನ್ನ ಕಾರಿಗೆ ನಾನು ಹಾಕಿಸಿಕೊಟ್ಟಿರುವುದು ಅಲ್ಯೂಮಿನಿಯಂ ರೇಡಿಯೇಟರ್, ಎಂಜಿನ್ ಹೆಡ್ಡೂ ಅಲ್ಯೂಮಿನಿಯಂ. ಸೋಡಾ, ಆಸಿಡ್ ಎರಡೂ ಅದನ್ನು ತಿಂದುಹಾಕುತ್ತವೆ. ಅಡುಗೆಗೆ ಹಾಕುವ ನಿಂಬೆ ಉಪ್ಪು ಸುಣ್ಣ ಬಿಡಿಸುತ್ತೆ ನಿಜ, ತಿಳಿದವರು ಬಳಸುತ್ತಾರೆ ಕೂಡ, ಆದರೆ ಅಳತೆ, ಹೊತ್ತು ಎರಡೂ ಕೈಯಲ್ಲಿರಬೇಕು. ನಿನಗೆ ಡಬ್ಬಿಯದ್ದೇ ಸಾಕು. ಹಾಗೇ, ಸೋರಿಕೆ ನಿಲ್ಲಿಸಲು ಅರಿಶಿನ ಪುಡಿ ಹಾಕುವುದು ಲಾರಿ ಡ್ರೈವರುಗಳ ಹಳೇ ವಿದ್ಯೆ. ನಡುದಾರಿಯಲ್ಲಿ ಊರು ಮುಟ್ಟಲು ಅದು ಉಪಕಾರಕ್ಕೆ ಬಂದದ್ದೂ ಉಂಟು. ಊರು ಮುಟ್ಟಿದ ಮೇಲೆ ಅದೇ ಪುಡಿ ಕೊಳವೆಗಳಲ್ಲಿ ಕೂತು ಇನ್ನೊಂದು ಕೆಲಸ ಹಚ್ಚುತ್ತೆ. ಅರಿಶಿನ ಸಾರಿಗಿರಲಿ.

ಇನ್ನು ಕೆಲಸ. ಶನಿವಾರ ಸಂಜೆ ಕಾರನ್ನು ಸಮತಟ್ಟು ಜಾಗದಲ್ಲಿ, ಬಯಲಲ್ಲಿ ನಿಲ್ಲಿಸಿ ರಾತ್ರಿಯೆಲ್ಲ ತಣ್ಣಗಾಗಲು ಬಿಡು. ಬಿಸಿ ಎಂಜಿನ್ನಿನ ಕ್ಯಾಪ್ ತೆಗೆಯುವ ಸಾಹಸ ನನ್ನ ಅಪ್ಪನ ಕಾಲಕ್ಕೇ ಮುಗಿಯಲಿ. ಒಳಗಿನ ನೀರು 100 ಡಿಗ್ರಿ ದಾಟಿದ್ದರೂ ಒತ್ತಡದಿಂದಾಗಿ ಸುಮ್ಮನಿರುತ್ತೆ. ಮುಚ್ಚಳ ಸಡಿಲಿಸಿದ ಕ್ಷಣ ಎಲ್ಲ ಒಟ್ಟಿಗೆ ಕುದಿದು ಮುಖಕ್ಕೆ ಬರುತ್ತೆ. ಬೆಳಿಗ್ಗೆ ಗಾಲಿಗೆ ಕಲ್ಲು ಕೊಡು, ಹ್ಯಾಂಡ್‌ಬ್ರೇಕ್ ಎಳೆ. ಬ್ಯಾಟರಿಯ ನೆಗೆಟಿವ್ ಕಳಚು. ಫ್ಯಾನ್ ಕರೆಂಟಿನದ್ದು, ಬಿಸಿ ನೋಡಿಕೊಂಡು ತಾನಾಗಿ ತಿರುಗುವಂಥದ್ದು, ಅದರ ಹತ್ತಿರ ಬೆರಳಿಟ್ಟು ಕೆಲಸ ಮಾಡುವಾಗ ಕರೆಂಟೇ ಇರದಿದ್ದರೆ ಒಳ್ಳೆಯದು. ಎಂಜಿನ್ ಚಾಲೂ ಮಾಡುವಾಗ ಮತ್ತೆ ಸೇರಿಸಿಕೋ. ಹೀಟರಿನ ಕಡ್ಡಿಯನ್ನು ಪೂರ್ತಿ ಬಿಸಿಯ ಕಡೆ ತಳ್ಳಿಡು. ಡ್ಯಾಶ್‌ಬೋರ್ಡಿನ ಹಿಂದೆ ಹೀಟರಿಗೂ ಒಂದು ಪುಟ್ಟ ರೇಡಿಯೇಟರ್ ಇದೆ, ಅದೂ ತೊಳೆಯಬೇಕು. ಪಾವಗಡದ ಬಿಸಿಲಲ್ಲಿ ಹೀಟರ್ ಹಾಕಿದವರಲ್ಲಿ ನೀನೇ ಮೊದಲಿಗಳಿರಬೇಕು.

ಅಗಲದ ಟಬ್ಬು ಕೆಳಗಿಟ್ಟು ರೇಡಿಯೇಟರಿನ ಅಡಿಯ ಡ್ರೇನ್ ಕಾಕ್ ಸಡಿಲಿಸು. ಪ್ಲಾಸ್ಟಿಕ್ಕಿನದ್ದು, ಒರಟಾಗಿ ತಿರುಗಿಸಿದರೆ ಮುರಿಯುತ್ತೆ. ಅಲುಗದಿದ್ದರೆ ಬಿಟ್ಟುಬಿಡು, ಕೆಳಗಿನ ಹೋಸ್ ಕಳಚಿದರೂ ಅದೇ ಕೆಲಸ. ಮೇಲಿನ ಕ್ಯಾಪ್ ತೆಗೆದ ಕೂಡಲೇ ಭರ್ರನೆ ಇಳಿಯುತ್ತೆ. ಬಾಟಲಿಯನ್ನೂ ಬಿಚ್ಚಿ, ಒಳಗೆ ಒಂದು ಹಿಡಿ ಅಕ್ಕಿ, ಸ್ವಲ್ಪ ಸೋಪಿನ ನೀರು ಹಾಕಿ ಕುಲುಕಿ ತೊಳೆ. ತಳದ ಕೆಸರು ಬಿಡುತ್ತೆ, ಮಿನ್ ಮ್ಯಾಕ್ಸ್ ಗೆರೆ ಮತ್ತೆ ಕಾಣಿಸುತ್ತೆ. ಆ ಅಕ್ಕಿಯನ್ನು ಹಕ್ಕಿಗೆ ಚೆಲ್ಲಬೇಡ, ಕಟ್ಟಿ ಬಿಸಾಡು.

ಟಬ್ಬಿನ ನೀರಿನ ವಿಷಯ ಇಲ್ಲೇ ಹೇಳಿಬಿಡುತ್ತೇನೆ, ಆಮೇಲೆ ಮರೆಯುತ್ತೇನೆ. ಕೂಲೆಂಟ್ ಅಂದರೆ ಎಥಿಲೀನ್ ಗ್ಲೈಕಾಲ್. ಸಿಹಿಯಾಗಿರುತ್ತೆ, ವಿಷ. ಸ್ವಲ್ಪ ನೆಕ್ಕಿದರೂ ನಾಯಿಯ ಮೂತ್ರಪಿಂಡ ಹೋಗುತ್ತೆ. ನಿನ್ನ ಬಾಗಿಲಲ್ಲೇ ಬಿದ್ದಿರುವ ಆ ಕರಿಯನನ್ನು ಅವತ್ತು ಕಟ್ಟಿಹಾಕು, ಪಕ್ಕದ ಮನೆ ಮಕ್ಕಳನ್ನೂ ಹತ್ತಿರ ಬಿಟ್ಟುಕೊಳ್ಳಬೇಡ. ಚೆಲ್ಲಿದ್ದನ್ನು ತಕ್ಷಣ ಬಳಿದು ತೊಳೆ. ಮೊದಲು ಇಳಿದ ನೀರನ್ನು ಚರಂಡಿಗೂ ಗಿಡದ ಬುಡಕ್ಕೂ ಸುರಿಯದೆ, ಮುಚ್ಚಳವಿರುವ ಕ್ಯಾನಿಗೆ ತುಂಬಿ ಮೇಲೆ ವಿಷ ಅಂತ ದಪ್ಪಕ್ಷರದಲ್ಲಿ ಬರೆ. ತುಮಕೂರಿಗೆ ಹೋದಾಗ ದೊಡ್ಡ ಸರ್ವಿಸ್ ಸೆಂಟರಿನಲ್ಲಿ ಹಳೇ ಆಯಿಲ್ ಜೊತೆ ತೆಗೆದುಕೊಳ್ಳುತ್ತಾರಾ ಕೇಳಿ ಕೊಟ್ಟು ಬಾ.

ಖಾಲಿಯಾದ ಮೇಲೆ ಕಾಕ್ ಮುಚ್ಚಿ, ನೀರು ತುಂಬಿ, ಎಂಜಿನ್ ಚಾಲೂ ಮಾಡು. ಈ ಸುತ್ತಿಗೆ ಡಿಸ್ಟಿಲ್ಡ್ ಬೇಕಿಲ್ಲ. ನಿಮ್ಮ ಬೀದಿ ಕೊನೆಯ ಶುದ್ಧ ನೀರಿನ ಘಟಕದ ಕ್ಯಾನ್ ನೀರು ಧಾರಾಳ ಸಾಕು. ಬೋರ್‌ವೆಲ್ ನೀರಾದರೂ ಒಂದು ಸಲ ಒಳಗೆ ಸುತ್ತಿ ಆಚೆ ಬಂದರೆ ಗಾರೆ ಕಟ್ಟುವಷ್ಟು ಹೊತ್ತು ಅದಕ್ಕಿರುವುದಿಲ್ಲ. ಮೇಲಿನ ಹೋಸಿನ ಮೇಲೆ ಕೈಯಿಟ್ಟುಕೊಂಡಿರು. ಎಷ್ಟೋ ಹೊತ್ತು ತಣ್ಣಗಿದ್ದದ್ದು ಇದ್ದಕ್ಕಿದ್ದಂತೆ ಬಿಸಿಯಾಗುತ್ತೆ. ಥರ್ಮೋಸ್ಟಾಟ್ ತೆರೆದು ನೀರು ಪೂರ್ತಿ ಸುತ್ತಲು ಹೊರಟಿತು ಅಂತ ಅದರ ಅರ್ಥ. ಇನ್ನು ಹತ್ತು ನಿಮಿಷ ಓಡಿಸಿ, ನಿಲ್ಲಿಸಿ, ತಣಿಸಿ, ಇಳಿಸು. ತಣಿಯುವವರೆಗೆ ಕಾಯುವುದೇ ಈ ಕೆಲಸದ ಕಷ್ಟ. ಪರೀಕ್ಷೆ ಪೇಪರ್ ತಿದ್ದುವುದಿದ್ದರೆ ಅವತ್ತಿಗೆ ಇಟ್ಟುಕೋ. ಬಿಸಿ ಎಂಜಿನ್ನಿಗೆ ತಣ್ಣೀರು ಸುರಿದರೆ ಹೆಡ್ ಸೊಟ್ಟಗಾಗುತ್ತೆ, ಬಿರುಕೂ ಬಿಡಬಹುದು.

ಮುಂದಿನ ಸುತ್ತಿಗೆ ಡಬ್ಬಿಯ ಫ್ಲಶ್ ಬೆರೆಸು. ಎಷ್ಟು ಹಾಕಬೇಕು, ಎಷ್ಟು ಹೊತ್ತು ಓಡಿಸಬೇಕು ಅನ್ನುವುದು ಡಬ್ಬಿಯ ಮೇಲಿದೆ. ಜಾಸ್ತಿ ಹೊತ್ತು ಬಿಟ್ಟರೆ ಇನ್ನೂ ಚೆನ್ನಾಗಿ ತೊಳೆಯುತ್ತೆ ಅಂತ ಅಂದುಕೊಳ್ಳಬೇಡ. ಇದನ್ನು ಇಳಿಸಿದಾಗ ಬರುವುದನ್ನು ನೋಡಿ ನೀನು ಹೌಹಾರುತ್ತೀಯ, ಒಂದು ಫೋಟೋ ಕಳಿಸು. ಇನ್ನೊಂದು ಮಾತು ಮೊದಲೇ ಹೇಳಿಟ್ಟಿರುತ್ತೇನೆ: ಕೆಲವು ಹಳೇ ರೇಡಿಯೇಟರುಗಳಲ್ಲಿ ಆ ಗಾರೆಯೇ ಪುಟ್ಟ ತೂತುಗಳನ್ನು ಮುಚ್ಚಿಕೊಂಡು ಕೂತಿರುತ್ತೆ. ತೊಳೆದ ಮೇಲೆ ಸೋರಲು ಶುರುವಾದರೆ ತೊಳೆದದ್ದು ತಪ್ಪಾಯಿತು ಅಂತ ಪೇಚಾಡಬೇಡ. ಘಾಟಿಯಲ್ಲಿ ಗೊತ್ತಾಗುವ ಬದಲು ಅಂಗಳದಲ್ಲಿ ಗೊತ್ತಾಯಿತಲ್ಲ.

ಈಗ ಥರ್ಮೋಸ್ಟಾಟ್. ಅಲ್ಲಿನ ಮೆಕ್ಯಾನಿಕ್ ಒಬ್ಬರು "ನಮ್ಮ ಬಿಸಿಲಿಗೆ ಇದು ಬೇಡಮ್ಮ, ತೆಗೆದು ಬಿಸಾಕಿಬಿಡೋಣ" ಅಂದರು ಅಂತ ಬರೆದಿದ್ದೆಯಲ್ಲ. ಈ ಮಾತು ಕೇಳಿ ಕೇಳಿ ನನಗೆ ಕೋಪ ಬರುವುದೂ ನಿಂತಿದೆ. ಎಂಜಿನ್ ತಣ್ಣಗಿದ್ದಷ್ಟೂ ಒಳ್ಳೆಯದು ಅನ್ನುವುದು ಶುದ್ಧ ತಪ್ಪು. ತಣ್ಣಗಿನ ಎಂಜಿನ್ ಪೆಟ್ರೋಲ್ ಹೆಚ್ಚು ಕುಡಿಯುತ್ತೆ, ಬೇಗ ಸವೆಯುತ್ತೆ. ನಿನ್ನದು ಕಾರ್ಬುರೇಟರಿನದ್ದಲ್ಲ, ಎಂಪಿಎಫ್‌ಐ. ಥರ್ಮೋಸ್ಟಾಟ್ ತೆಗೆದರೆ, ಎಂಜಿನ್ ಇನ್ನೂ ಬಿಸಿಯಾಗಿಲ್ಲ ಅಂದುಕೊಂಡು ಅದರ ಕಂಪ್ಯೂಟರ್ ಪೆಟ್ರೋಲ್ ಜಾಸ್ತಿ ಬಿಡುತ್ತಲೇ ಇರುತ್ತೆ. ನಾನು ಹೇಳುವುದು, ಅದನ್ನು ತೆಗೆ, ಪರೀಕ್ಷೆ ಮಾಡು, ಸರಿಯಿದ್ದರೆ ವಾಪಸ್ ಹಾಕು.

ಮೇಲಿನ ಹೋಸನ್ನು ಎಂಜಿನ್ ಕಡೆಗೆ ಹಿಂಬಾಲಿಸಿದರೆ ಎರಡು ಬೋಲ್ಟಿನ ಒಂದು ಟೋಪಿ ಸಿಗುತ್ತೆ, ಅದರಡಿ ಕೂತಿದೆ. ಕೈಯಲ್ಲಿ ಹಿಡಿದು ನೋಡು, ಚಂದದ ವಸ್ತು. ನಡುವೆ ಒಂದು ಹಿತ್ತಾಳೆ ಗುಂಡು, ಅದರೊಳಗೆ ಮೇಣ. ಮೇಣ ಕರಗಿದಾಗ ಹಿಗ್ಗಿ ಒಂದು ಕಡ್ಡಿಯನ್ನು ತಳ್ಳುತ್ತೆ, ಸ್ಪ್ರಿಂಗಿನ ಎದುರು ಬಾಗಿಲು ತೆರೆಯುತ್ತೆ. ಕರೆಂಟಿಲ್ಲ, ವೈರಿಲ್ಲ. ಅಂಚಿನಲ್ಲಿ 82 ಅಂತ ಕೊರೆದಿದ್ದರೆ 82 ಡಿಗ್ರಿಗೆ ತೆರೆಯಲು ಶುರುಮಾಡಬೇಕು. ಅಡುಗೆಗೆ ಬಳಸದ ಒಂದು ಹಳೇ ಪಾತ್ರೆಯಲ್ಲಿ ನೀರಿಟ್ಟು, ದಾರ ಕಟ್ಟಿ ತಳಕ್ಕೆ ತಾಗದ ಹಾಗೆ ಇಳಿಬಿಟ್ಟು, ನಿಮ್ಮ ಸ್ಕೂಲಿನ ಲ್ಯಾಬಿನಿಂದ ಥರ್ಮಾಮೀಟರ್ ಕೇಳಿ ತಂದು ಪಕ್ಕದಲ್ಲಿ ಮುಳುಗಿಸು. 80ರವರೆಗೂ ಅಲುಗದೆ ಕೂತಿರುತ್ತೆ. ಆಮೇಲೆ ಅಂಚಿನಲ್ಲಿ ಕೂದಲೆಳೆಯಷ್ಟು ಸಂದು, ಒಂದೆರಡು ಗುಳ್ಳೆ. ನೀರು ಮರಳುವ ಹೊತ್ತಿಗೆ ಕಿರುಬೆರಳ ತುದಿ ತೂರುವಷ್ಟು ತೆರೆದಿರಬೇಕು. ಒಲೆ ಆರಿಸಿದರೆ ನಿಧಾನಕ್ಕೆ ಮುಚ್ಚಿಕೊಳ್ಳುತ್ತೆ. ತೆರೆಯದಿದ್ದರೂ, ತೆರೆದದ್ದು ಮುಚ್ಚದಿದ್ದರೂ ಹೊಸದು ಹಾಕು. ನಿಮ್ಮ ವಿಜ್ಞಾನದ ಟೀಚರಿಗೆ ತೋರಿಸು ಬೇಕಾದರೆ, ಏಳನೇ ಕ್ಲಾಸಿನ ಮಕ್ಕಳು ಇದನ್ನು ನೋಡಿದರೆ ಪುಸ್ತಕ ಮುಚ್ಚಿಡುತ್ತಾರೆ.

ಥರ್ಮೋಸ್ಟಾಟ್ ಆಚೆ ಇರುವಾಗಲೇ ಇನ್ನೊಂದು ಕೆಲಸ ಮುಗಿಸಿಕೋ. ಎರಡೂ ಹೋಸ್ ಕಳಚಿ, ತೋಟದ ಪೈಪನ್ನು ರೇಡಿಯೇಟರಿನ ಕೆಳಗಿನ ಬಾಯಿಗೆ ಬಟ್ಟೆ ಸುತ್ತಿ ಹಿಡಿದು, ಮೆಲ್ಲಗೆ ನೀರು ಬಿಡು. ಮೇಲಿನ ಬಾಯಿಂದ ಬರಲಿ. ದಿನಾ ಹರಿಯುವ ದಿಕ್ಕಿಗೆ ಉಲ್ಟಾ ಬಿಟ್ಟರೆ ಸಿಕ್ಕಿಕೊಂಡ ಚಕ್ಕೆಗಳು ಸಡಿಲಾಗಿ ಹೊರಬೀಳುತ್ತವೆ. ಎಂಜಿನ್ನಿಗೂ ಹಾಗೇ, ಮೇಲಿಂದ ಬಿಟ್ಟು ಕೆಳಗೆ ಇಳಿಸು. ಸರ್ವಿಸ್ ಸ್ಟೇಷನ್ನಿನ ಪ್ರೆಶರ್ ಗನ್ ಮಾತ್ರ ಬೇಡ, ಪ್ಲಾಸ್ಟಿಕ್ ಟ್ಯಾಂಕಿನ ಅಂಚು ಬಿಟ್ಟುಕೊಳ್ಳುತ್ತೆ. ರೇಡಿಯೇಟರಿನ ಹೊರಗಿನ ರೆಕ್ಕೆಗಳಲ್ಲಿ ಅಂಟಿದ ಹುಳು, ಮಣ್ಣನ್ನು ಎಂಜಿನ್ ಕಡೆಯಿಂದ ಮುಂದಕ್ಕೆ ನೀರು ಬಿಟ್ಟು ಕಳಿಸು. ನೀರಿಗೆ ಬರವಿರುವ ಊರಲ್ಲಿ ಇಷ್ಟೆಲ್ಲ ಚೆಲ್ಲುವುದು ಮನಸ್ಸಿಗೆ ಕಷ್ಟವೇ, ನನಗೆ ಅರ್ಥವಾಗುತ್ತೆ. ಇಳಿದ ನೀರು ತಿಳಿಯಾದರೆ ಅಲ್ಲಿಗೆ ನಿಲ್ಲಿಸು.

ಹೋಸುಗಳನ್ನು ಮತ್ತೆ ಸೇರಿಸಿಕೋ. ಕೊನೆಯ ಜಾಲಾಟ ಡಿಸ್ಟಿಲ್ಡ್ ವಾಟರಿನಲ್ಲೇ ಆಗಬೇಕು. ಯಾಕೆಂದರೆ ಎಷ್ಟೇ ಇಳಿಸಿದರೂ ಎಂಜಿನ್ ಒಳಗಿನ ಸಂದುಗಳಲ್ಲಿ, ಹೀಟರಿನಲ್ಲಿ ಒಂದಷ್ಟು ನೀರು ಉಳಿದೇ ಉಳಿಯುತ್ತೆ, ಮುಂದಿನ ವರ್ಷಗಳಲ್ಲಿ ಕೂಲೆಂಟ್ ಜೊತೆ ಬಾಳುವುದು ಅದೇ ನೀರು. ಗಟ್ಟಿ ಕೂಲೆಂಟ್ ತಗೋ ಅಂದದ್ದೂ ಇದಕ್ಕೇ. ರೆಡಿ ಮಿಕ್ಸ್ ಹಾಕಿದರೆ ಒಳಗೆ ಉಳಿದ ನೀರು ಸೇರಿ ತೆಳ್ಳಗಾಗಿಬಿಡುತ್ತೆ. ಕಾರಿನ ಪುಸ್ತಕದಲ್ಲಿ ಒಟ್ಟು ಎಷ್ಟು ಲೀಟರ್ ಹಿಡಿಯುತ್ತೆ ಅಂತ ನೋಡು. ನಾಲ್ಕು ಅಂತಿದ್ದರೆ ಎರಡು ಲೀಟರ್ ಗಟ್ಟಿ ಕೂಲೆಂಟ್ ಮೊದಲು ಹಾಕು, ಆಮೇಲೆ ತುಂಬುವಷ್ಟು ಡಿಸ್ಟಿಲ್ಡ್ ವಾಟರ್. ಲೆಕ್ಕ ತಾನಾಗಿ ಅರ್ಧಕ್ಕರ್ಧ ಆಯಿತು. ಅರ್ಧಕ್ಕರ್ಧ ಬೆರೆತದ್ದು ಮೈನಸ್ 37 ಡಿಗ್ರಿವರೆಗೂ ಹೆಪ್ಪುಗಟ್ಟುವುದಿಲ್ಲ. ಅದು ಲೇಹ್‌ನಲ್ಲಿ ಗಾಡಿ ಓಡಿಸುವವರಿಗೆ ಬೇಕಾದ ಗುಣ. ನಿನಗೆ ಬೇಕಿರುವುದು ತುಕ್ಕು ತಡೆಯುವ ಮದ್ದು, ಜೊತೆಗೆ ಕುದಿಯುವ ಮಟ್ಟ ಕೆಲವು ಡಿಗ್ರಿ ಮೇಲೇರುವುದು. ಮೂರನೇ ಒಂದು ಭಾಗ ಹಾಕಿದರೂ ನಮ್ಮ ಕಡೆ ನಡೆಯುತ್ತೆ, ಅದಕ್ಕಿಂತ ಕಡಿಮೆ ಮಾಡಬೇಡ. ಪೂರ್ತಿ ಕೂಲೆಂಟೇ ತುಂಬಿಸಿದರೆ ಇನ್ನೂ ಶ್ರೇಷ್ಠ ಅನ್ನುವವರೂ ಇದ್ದಾರೆ. ಶಾಖ ಹೊರುವುದರಲ್ಲಿ ನೀರಿನ ಮುಂದೆ ಗ್ಲೈಕಾಲ್ ಸೋಮಾರಿ, ಆದ್ದರಿಂದ ಅದೂ ಬೇಡ.

ಕೂಲೆಂಟ್ ಹಾಕುವುದಕ್ಕೆ ಮುಂಚೆ ಥರ್ಮೋಸ್ಟಾಟ್ ವಾಪಸ್ ಕೂರಿಸಿಕೋ, ಆಗ ಅದರ ಅಂಚಿನಲ್ಲಿರುವ ಪುಟ್ಟ ತೂತು ಮೇಲ್ಗಡೆ ಬರಲಿ, ಗಾಳಿ ಹೊರಡುವುದು ಅಲ್ಲಿಂದ. ತುಂಬಿಸುವಾಗ ಕಾರಿನ ಮೂತಿ ಸ್ವಲ್ಪ ಏರಿನಲ್ಲಿರಲಿ. ಕ್ಯಾಪ್ ಹಾಕದೆ, ಹೀಟರ್ ಬಿಸಿಯಲ್ಲೇ ಇಟ್ಟು ಎಂಜಿನ್ ಚಾಲೂ ಮಾಡು. ಮೇಲಿನ ಹೋಸನ್ನು ಆಗಾಗ ಅಮುಕಿದರೆ ಗುಳುಗುಳು ಅಂತ ಗಾಳಿ ಬಂದು ಮಟ್ಟ ಕುಸಿಯುತ್ತೆ, ಆಗ ಮತ್ತೆ ತುಂಬಿಸು. ಹೋಸ್ ಬಿಸಿಯಾಗಲು ಶುರುವಾದ ಮೇಲೆ ಬಾಯಿಗೆ ಬಗ್ಗಿ ನೋಡಬೇಡ, ದೂರ ನಿಂತೇ ಗಮನಿಸು. ಗುಳ್ಳೆ ನಿಂತ ಕೂಡಲೇ ಹೊಸ ಕ್ಯಾಪ್ ಬಿಗಿ, ಬಾಟಲಿಯಲ್ಲಿ ಮಿನ್ ಮ್ಯಾಕ್ಸ್ ನಡುವೆ ಬರುವಷ್ಟು ಹಾಕು. ಕಾರಿನೊಳಗೆ ಬಿಸಿ ಗಾಳಿ ಚೆನ್ನಾಗಿ ಬರುತ್ತಿದ್ದರೆ ಹೀಟರಿನಲ್ಲಿ ಗಾಳಿ ಉಳಿದಿಲ್ಲ ಅಂತ. ನಿಂತ ಜಾಗದಲ್ಲೇ ಫ್ಯಾನ್ ಹತ್ತುವವರೆಗೆ ಓಡಿಸು. ಫ್ಯಾನ್ ತಿರುಗಿ, ಸ್ವಲ್ಪ ಹೊತ್ತಿಗೆ ತಾನೇ ನಿಂತರೆ ಕೆಲಸ ಮುಗಿಯಿತು.

ಮಾರನೇ ಬೆಳಿಗ್ಗೆ, ತಣ್ಣಗಿರುವಾಗ, ಬಾಟಲಿಯ ಮಟ್ಟ ನೋಡಿ ಹೊರಗಡೆ ಪೆನ್ನಿನಲ್ಲಿ ಒಂದು ಗೆರೆ ಎಳೆ. ಮೊದಲ ಒಂದೆರಡು ದಿನ ಒಳಗೆ ಉಳಿದ ಗಾಳಿ ಹೊರಟು ಸ್ವಲ್ಪ ಇಳಿಯಬಹುದು, ಆ ಮೇಲೂ ಇಳಿಯುತ್ತಿದ್ದರೆ ಸೋರಿಕೆ ಇನ್ನೂ ಇದೆ. ಮಟ್ಟ ನಿಂತುಬಿಟ್ಟರೆ ಬೆಳಗಿನ ಚೊಂಬು ನಿಲ್ಲಿಸು. ಅಕ್ಕ ಕೇಳಿದರೆ ಹಾಕಿದೆ ಅನ್ನು. ತುಳಸಿಗೆ ಹಾಕಿದ್ದರೂ ಹಾಕಿದ್ದೇ ತಾನೆ.

ದಾರಿಯಲ್ಲಿ ಯಾವತ್ತಾದರೂ ಮುಳ್ಳು ಕೆಂಪಿನ ಕಡೆ ಹೊರಳಿದರೆ ಮೊದಲು ಎಸಿ ಆರಿಸು, ಹೀಟರ್ ಪೂರ್ತಿ ಹಾಕಿ ಕಿಟಕಿ ಇಳಿಸು. ಕಾರಿನೊಳಗಿನ ಆ ಪುಟ್ಟ ರೇಡಿಯೇಟರ್ ಒಂದಷ್ಟು ಶಾಖ ಎಳೆದುಕೊಳ್ಳುತ್ತೆ. ಜಾಗ ಸಿಕ್ಕ ಕೂಡಲೇ ಪಕ್ಕಕ್ಕೆ ನಿಲ್ಲಿಸಿ ಎಂಜಿನ್ ಆರಿಸು. ಸ್ಕೂಲಿಗೆ ಹೊತ್ತಾಯಿತು ಅಂತ ಇನ್ನು ಎರಡು ಕಿಲೋಮೀಟರ್ ಎಳೆದರೆ ಹೆಡ್ ಕೆಲಸಕ್ಕೆ ನಿನ್ನ ಒಂದು ತಿಂಗಳ ಸಂಬಳ ಕೊಡಬೇಕಾದೀತು.

ನಿಮ್ಮ ಕಡೆ ಸ್ಪಾನರ್ ಸೆಟ್ ಕೊಳ್ಳಬೇಡ. ಬುಧವಾರ ನಮ್ಮ ಅಂಗಡಿಯ ಪಾರ್ಸೆಲ್ ತುಮಕೂರಿಗೆ ಹೋಗುತ್ತೆ, ಅದರಲ್ಲಿ ನನ್ನದೇ ಒಂದು ಸೆಟ್, ಕ್ಯಾಪು, ಗ್ಯಾಸ್ಕೆಟ್ಟು ಇಟ್ಟು ಕಳಿಸುತ್ತೇನೆ. ನಿನ್ನ ಅತ್ತೆ ಅದೇ ಡಬ್ಬದಲ್ಲಿ ಹಲಸಿನ ಹಪ್ಪಳ ಇಡಬೇಕು ಅಂತ ಹಟ ಹಿಡಿದಿದ್ದಾಳೆ. ಗ್ರೀಸ್ ತಾಗದ ಹಾಗೆ ಕಟ್ಟುತ್ತೇನೆ, ಆದರೂ ಬಿಚ್ಚುವಾಗ ಮೊದಲು ಹಪ್ಪಳ ತೆಗೆ.

ನಿನ್ನ ಪ್ರೀತಿಯ
ಮಾವ

ಮ.ತಾ.: ಟಬ್ಬು ಸ್ನಾನದ ಮನೆಯದ್ದು ತರಬೇಡ. ಅದನ್ನು ಮತ್ತೆ ಸ್ನಾನಕ್ಕೆ ಬಳಸುವ ಹಾಗಿಲ್ಲ. ಪಂಚರ್ ಅಂಗಡಿಯವರ ಹತ್ತಿರ ಹಳೇದು ಒಂದು ಕೇಳಿದರೆ ಕೊಡುತ್ತಾರೆ.